ಮೇಯರ್ ಸಾಹೇಬರ ಹಂಡೆ

“ಲೇ ಜಿಪ್ಸಿ ನನ್ಮಗನೆ, ಬೆವರು ಗಿವರು ಬೀಳ್ಸೀಯ! ಅದ್ರಾಗೆ ಕಾಸಿದ್ದು ಕುಡಿಯೋರು ನಾವು!”

ಮೇಯರ್ ನೆಗ್ರೆಯಾ ಮೂಗಿಗೆ ಕರವಸ್ತ್ರ ಹಿಡಿದು ನನ್ನ ಗಂಡ ಗ್ರಾಂಚಾನ ಹಿಂದೆ ನಿಂತಿದ್ದ. ಗ್ರಾಂಚಾ ತಲೆಯೆತ್ತದೆ ಸುತ್ತಿಗೆ ಬಡಿಯುತ್ತಿದ್ದ. ಪ್ಲಮ್ ಸಾರಾಯಿ ಕಾಯಿಸುವ ತಾಮ್ರದ ಹಂಡೆಯನ್ನು ಸೋರದ ಹಾಗೆ ಮಾಡುವವರು ಈ ಸೀಮೆಯಲ್ಲಿ ನಮ್ಮ ಜನ ಮಾತ್ರ. ನಾವು ಕೊಳಕರು, ನಮ್ಮ ಹಂಡೆ ಚೊಕ್ಕ.

ಕೂಲಿ ಬೇಡ, ಒಂದು ರುಜು ಹಾಕಿ ಸಾಕು ಎಂದಿದ್ದೆವು. ವಿಳಾಸಕ್ಕೆ ಮೇಯರನ ರುಜು ಬೀಳದೆ ಗುರುತಿನ ಚೀಟಿ ಇಲ್ಲ, ಚೀಟಿ ಇಲ್ಲದೆ ಗಡಿ ದಾಟುವಂತಿಲ್ಲ. ಜರ್ಮನಿಯಲ್ಲಿ ಮೈದುನ ಕೆಲಸ ನೋಡಿಟ್ಟು ಕಾಯುತ್ತಿದ್ದ. ಕಮ್ಯುನಿಸ್ಟರು ನಮ್ಮ ಗುಡಾರ ಕಿತ್ತು ಮನೆಯಲ್ಲಿ ಕೂರಿಸಿದ್ದರು. ಅವರು ಹೋಗಿ ಸ್ವಾತಂತ್ರ್ಯ ಬಂತು. ಹೋದ ವರ್ಷ ಈ ಮೇಯರ್ ಆ ಮನೆಯನ್ನೂ ಕಿತ್ತ.

ಶನಿವಾರ ಹಂಡೆ ಅವನ ಅಂಗಳ ಸೇರಿತು. ಪಾದ್ರಿ ತೀರ್ಥ ಚಿಮುಕಿಸಿದ. ಪೊಲೀಸಿನವನು ಸಾಸೇಜ್ ಜಗಿಯುತ್ತಿದ್ದ. ಗ್ರಾಂಚಾ ಟೋಪಿ ತೆಗೆದು ಅರ್ಜಿ ಚಾಚಿದ.

“ಮನೆ ನಂಬರು?”

“ಹದಿನಾಲ್ಕು ಸಾಮಿ, ಹಳ್ಳದ ಪಕ್ಕ.”

“ಅಲ್ಲೆಲ್ಲಿದೆಯೋ ಮನೆ? ಬರೀ ಇಟ್ಟಿಗೆ ಚೂರು ಬಿದ್ದವೆ!”

“ನೀವೇ ಅಲ್ವರಾ ಕೆಡವಿದ್ದು?”

“ಮತ್ತೆ? ಕೆಡವಿದ್ದು ನಾನೇ, ಮನೆ ಇಲ್ಲ ಅನ್ನೋದು ನಂಗೆ ಗೊತ್ತಿರಲ್ವಾ? ಸುಳ್ಳಿಗೆ ರುಜು ಹಾಕಲಾ? ಊರು ಬಿಟ್ಟು ತೊಲಗ್ರೋ, ಬೇಡ ಅಂದೋರ್ಯಾರು?”

ಎಲ್ಲರೂ ಗೊಳ್ಳೆಂದು ನಕ್ಕರು.

ನಮ್ಮಲ್ಲಿ ಹೆಂಗಸಿನ ಲಂಗದ ಅಂಚು ಅಡುಗೆ ಪಾತ್ರೆಗೆ ತಾಗಕೂಡದು. ತಾಗಿದರೆ ಆ ಪಾತ್ರೆ ಮೈಲಿಗೆ. ಎಷ್ಟು ತೊಳೆದರೂ ಅಷ್ಟೆ, ಎಸೆಯಬೇಕು. ಮೂವತ್ತು ವರ್ಷ ಗಂಡನ ತಾಮ್ರದ ನಡುವೆ ಲಂಗ ಒತ್ತಿ ಹಿಡಿದೇ ಓಡಾಡಿದವಳು ನಾನು. ಸೀದಾ ಹೋದೆ. ಲಂಗ ಹರಡಿಕೊಂಡು ಹಂಡೆಯ ಬಾಯಿಯ ಮೇಲೆ ಕೂತೆ.

“ಬೇಡ ಕಣೇ ಮಿಂದ್ರಾ!” ಗ್ರಾಂಚಾನ ಮುಖ ಬಿಳಿಚಿತು. ಅವನು ಮಾಡಿದ್ದರಲ್ಲೆಲ್ಲ ಚೆಂದದ ಹಂಡೆ ಅದು.

“ಏನೇ ಇದು ಮುಂಡೆ?” ಮೇಯರ್ ಕಿರುಚಿದ.

“ಮೈಲಿಗೆ ಆಯ್ತು ಸಾಮಿ. ನಾಳೆ ಕಲಾಯಿ ಹೋದ್ರೂ, ಬೆಸುಗೆ ಬಿಟ್ರೂ ನಮ್ಮೋರು ಒಬ್ರೂ ಮುಟ್ಟಾಕಿಲ್ಲ.”

“ಎಲ್ಲಾ ಮೂಢನಂಬಿಕೆ,” ಎಂದ ಪಾದ್ರಿ.

“ಹಂಗಾದ್ರೆ ಮೊದಲ್ನೇ ಲೋಟ ನಿಮಗೇ ಫಾದರ್.”

ಪಾದ್ರಿಗೆ ತಟ್ಟನೆ ಉಪವಾಸ ನೆನಪಾಯಿತು.

“ಎಳೆದು ಹಾಕ್ರೋ ಇವಳ್ನ!” ಎಂದ ಮೇಯರ್.

ಪೊಲೀಸಿನವನು ನನ್ನ ಲಂಗ ನೋಡಿದ, ತನ್ನ ಕೈ ನೋಡಿಕೊಂಡ, ಮೇಯರನನ್ನು ನೋಡಿದ. ನಮ್ಮನ್ನು ಮುಟ್ಟಲು ಹೇಸುವ ಊರು ಅದು. ಒಬ್ಬನೂ ಮುಂದೆ ಬರಲಿಲ್ಲ. ಗ್ರಾಂಚಾ ನಿಧಾನವಾಗಿ ಟೋಪಿ ಹಾಕಿಕೊಂಡು ಬಂದು ನನ್ನ ಪಕ್ಕ ನಿಂತ.

“ಇಳಿಯೇ ಕೆಳಗೆ!” ಮೇಯರ್ ಅಬ್ಬರಿಸಿದ.

“ಬರ್ಕಳಿ ಸಾಮಿ ವಿಳಾಸ,” ಎಂದೆ. “ಮೇಯರ್ ಸಾಹೇಬ್ರ ಅಂಗಳ, ಹಂಡೆ ಮ್ಯಾಲೆ.”