ಸೂರಪ್ಪ ಮೇಷ್ಟ್ರ ಬಾಯಾಗಿದ್ದೆ

ನಾನು ಒಂದು ಅಂಗೈ ಕಂಪ್ಯೂಟರು. ಹುಟ್ಟಿದ್ದು ಕಡಲಾಚೆಯ ಯಾವುದೋ ಕಾರ್ಖಾನೆಯಲ್ಲಂತೆ. ಬೂದು ಮೈ, ಪಾಚಿ ಬಣ್ಣದ ಮುಖ, ಪಕ್ಕೆಯಲ್ಲಿ ಸಿಕ್ಕಿಸಿದ ಬರೆಯುವ ಕಡ್ಡಿ, ಬೆನ್ನಿನಲ್ಲಿ ಎರಡು ಪುಟ್ಟ ಸೆಲ್ಲು. ಮೊಬೈಲು ಇನ್ನೂ ಎಲ್ಲರ ಜೇಬಿಗೆ ಬಾರದ ಕಾಲ. ನನ್ನನ್ನು ಕಂಡವರು ಕ್ಯಾಲ್ಕುಲೇಟರಾ ಎಂದು ಕೇಳುತ್ತಿದ್ದರಂತೆ.

ಮೊದಲ ಒಡೆಯ ಗುರುಬಸಪ್ಪ, ಔಷಧಿ ಕಂಪನಿಯ ಪ್ರತಿನಿಧಿ. ಮೈಸೂರಿನ ಯಾವ ಡಾಕ್ಟರು ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂಬುದೆಲ್ಲ ನನ್ನೊಳಗೆ. ನಾನು ಹಟಮಾರಿ. ಅವನ ಬರಹವನ್ನು ನಾನು ಕಲಿಯಲಿಲ್ಲ. ನನ್ನ ಬರಹವನ್ನೇ ಅವನು ಕಲಿಯಬೇಕಾಯಿತು. ಇಂಗ್ಲಿಷಿನ 'ಎ' ಬೇಕೆಂದರೆ ಅಡ್ಡಗೆರೆಯಿಲ್ಲದೆ ಬರೀ ಮನೆಯ ಮಾಡಿನಂತೆ ಎಳೆಯಬೇಕು. ನಡುವೆ ಕಡ್ಡಿ ಎತ್ತಿದರೆ ಅಕ್ಷರ ಕೆಟ್ಟಿತು.

ಒಂದು ದಿನ ಆಸ್ಪತ್ರೆಯ ವಾರ್ಡಿನಲ್ಲಿ ಅವನಿಗೆ ಸೂರಪ್ಪ ಮೇಷ್ಟ್ರು ಕಂಡರು. ನಂಜನಗೂಡಿನ ಗಮಕಿ. ಅವರು ಭಾರತ ವಾಚನಕ್ಕೆ ಕೂತರೆ ಊರು ಊಟ ಮರೆಯುತ್ತಿತ್ತಂತೆ. ಗಂಟಲಿಗೆ ಕ್ಯಾನ್ಸರು ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಮಲಗಿದಲ್ಲೇ ಕಾಗದ ಎತ್ತಿ ಹಿಡಿದು ಬರೆದರೆ ಪೆನ್ನಿನ ಶಾಯಿ ಇಳಿಯುತ್ತಿರಲಿಲ್ಲ. ಗುರುಬಸಪ್ಪ ನನ್ನನ್ನು ಅವರ ಕೈಗಿತ್ತ.

"ಮೇಷ್ಟ್ರೇ, ಇದಕ್ಕೆ ಕನ್ನಡ ಬರಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಗೀಚಿ."

ಅವರು ಗೀಚಿದ ಮೊದಲ ಮಾತು: "ಪರದೇಶಿಗೆ ಪಾಠ ಹೇಳೋದೂ ನನ್ನ ಹಣೇಲಿ ಬರೆದಿತ್ತು."

ಹೆಂಡತಿ ಗೌರಮ್ಮನವರಿಗೆ ಇಂಗ್ಲಿಷ್ ಬಾರದು. ಮೇಷ್ಟ್ರು ನನ್ನ ಮೈಮೇಲೆಯೇ ಒಂದೊಂದು ಅಕ್ಷರ ತಿದ್ದಿಸಿದರು. "ಇಷ್ಟು ವರ್ಷ ಕಿವೀಲಿ ಕೇಳಿದೆ. ಇನ್ನು ಕಣ್ಣಲ್ಲಿ ಕೇಳ್ಬೇಕು" ಅಂದರಂತೆ ಆಕೆ. ಆಮೇಲೆ ಮನೆಯ ಮಾತೆಲ್ಲ ನನ್ನ ಮೂಲಕವೇ. "ಗಂಜಿಗೆ ಉಪ್ಪು ಮರೆತೆ." "ಅತ್ತಿದ್ದು ಸಾಕು, ಮುಖ ತೊಳ್ಕೊಂಡು ಬಾ." ಕೊನೆಯ ಸಂಜೆ ಬರೆದದ್ದು: "ಇವತ್ತು ನೀನು ಓದು, ನಾನು ಕೇಳ್ತೀನಿ."

"ನಂಗೆಲ್ಲಿ ರಾಗ ಬರುತ್ತೆ? ನಾಳೆ ನೋಡೋಣ" ಅಂದರು ಗೌರಮ್ಮ. ಮೇಷ್ಟ್ರಿಗೆ ನಾಳೆ ಇರಲಿಲ್ಲ.

ಅವರು ಹೋದ ಮೇಲೂ ಅವರ ಮಾತು ನನ್ನೊಳಗಿತ್ತು. ಸಂಜೆ ದೀಪ ಹಚ್ಚಿ ಗೌರಮ್ಮ ಒಂದೊಂದನ್ನೇ ಬೆರಳಿಟ್ಟು ಓದುತ್ತಿದ್ದರು. ಸೆಲ್ಲು ಬದಲಿಸುವುದು ಗುರುಬಸಪ್ಪನ ಕೆಲಸ. ಹಳೆಯದು ತೆಗೆದ ಕೂಡಲೇ ಹೊಸದು ಹಾಕಬೇಕು, ತಡವಾದರೆ ನನ್ನ ನೆನಪೆಲ್ಲ ಆರಿಹೋಗುತ್ತದೆ. ಇದನ್ನು ಅವನು ಮೇಷ್ಟ್ರಿಗೆ ಹೇಳಿದ್ದ. ಗೌರಮ್ಮನವರಿಗೆ ಯಾರೂ ಹೇಳಿರಲಿಲ್ಲ.

ಸಾವಾದ ವರ್ಷ ಮನೆಯಲ್ಲಿ ಹಬ್ಬವಿಲ್ಲ. ಮರುವರ್ಷದ ಆಯುಧಪೂಜೆಗೆ ಗೌರಮ್ಮ ಮೇಷ್ಟ್ರ ಶ್ರುತಿಪೆಟ್ಟಿಗೆಯ ಪಕ್ಕದಲ್ಲಿ ನನ್ನನ್ನೂ ಮಣೆಯ ಮೇಲಿಟ್ಟರು. ಬೆನ್ನು ತೆರೆದು, ಸೆಲ್ಲು ತೆಗೆದು, ಒದ್ದೆ ಬಟ್ಟೆಯಲ್ಲಿ ಮೈಯೆಲ್ಲ ಒರೆಸಿದರು. ನನಗೊಂದು ಬೊಟ್ಟು, ಸೆಲ್ಲುಗಳಿಗೊಂದೊಂದು ಬೊಟ್ಟು. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟಬಾರದು, ಅದಕ್ಕೂ ವಿಶ್ರಾಂತಿ ಬೇಡವೇ? ದಶಮಿಯ ಬೆಳಿಗ್ಗೆಯವರೆಗೆ ಸೆಲ್ಲು ಮಣೆಯ ಮೇಲೇ ಇದ್ದವು.

ಬನ್ನಿ ಕೊಡಲು ಬಂದ ಗುರುಬಸಪ್ಪ ಸೆಲ್ಲು ಹಾಕಿದ. ನಾನು ಕಣ್ಣು ಬಿಟ್ಟೆ. ನನ್ನ ಸ್ವಂತ ನೆನಪು ಶುರುವಾಗುವುದು ಇಲ್ಲಿಂದ. ಎದುರಿಗಿದ್ದವರು ಯಾರೆಂದು ನನಗೆ ಗೊತ್ತಿರಲಿಲ್ಲ.

"ಯಾಕಪ್ಪಾ, ಏನಾಯ್ತು?"

"ಅಮ್ಮಾ, ಇದು ಹೊಸದಾಗಿ ಹುಟ್ಟಿಬಿಟ್ಟಿದೆ."

"ಅವರು ಬರೆದದ್ದು?"

ಅವನು ನನ್ನ ಖಾಲಿ ಮುಖವನ್ನು ಆಕೆಯತ್ತ ತಿರುಗಿಸಿದ.

"ನಾನೇ ಒರೆಸಿಬಿಟ್ಟೆ, ಅಲ್ವಾ" ಅಂದರು ಗೌರಮ್ಮ.

ಅಂದಿನಿಂದ ಆಕೆ ನೆನಪಿದ್ದಷ್ಟನ್ನು ಮತ್ತೆ ಬರೆಯತೊಡಗಿದರು. ಬರೆದು ಅಳಿಸುವರು. "ಉಪ್ಪು ಮರೆತೆ ಅಂದ್ರೋ, ಉಪ್ಪೇ ಇಲ್ಲ ಅಂದ್ರೋ? ಒಂದು ಪದ ತಪ್ಪಿದ್ರೆ ಪದ್ಯವೇ ಕೆಟ್ಟಿತು ಅಂತಿದ್ರು." ಬರೆಯುತ್ತಾ ನನ್ನ ಹುಟ್ಟು, ಗುರುಬಸಪ್ಪ, ಆಸ್ಪತ್ರೆ, ಆ ಒದ್ದೆ ಬಟ್ಟೆ, ಎಲ್ಲವನ್ನೂ ನನಗೇ ಹೇಳುತ್ತಿದ್ದರು. ನಾನು 'ಅಂತೆ, ಅಂತೆ' ಎಂದದ್ದು ಅದಕ್ಕೇ.

ಕೊನೆಗೆ ಒಂದು ಸಂಜೆ "ಇವತ್ತು ನೀನು ಓದು" ಎಂದು ಬರೆದರು. ಇದರಲ್ಲಿ ಮಾತ್ರ ಅನುಮಾನವಿರಲಿಲ್ಲ. ನನ್ನನ್ನು ಎದುರಿಗಿಟ್ಟುಕೊಂಡು, ಒಡೆದ ಗಂಟಲಿನಲ್ಲಿ, ರಾಗ ತಪ್ಪಿ, ಕೆಮ್ಮುತ್ತಾ, ಭಾರತದ ಒಂದು ಇಡೀ ಸಂಧಿ ಓದಿದರು. ಕೇಳಲು ನಾನೊಬ್ಬನೇ.

ಗುರುಬಸಪ್ಪನಿಗೆ ದೂರದೂರಿಗೆ ವರ್ಗವಾಯಿತು. ಈ ಚಳಿಗಾಲ ಗೌರಮ್ಮನವರನ್ನೂ ಹೊತ್ತೊಯ್ದರು. ಮನೆ ಖಾಲಿ ಮಾಡಿದವರು ನನ್ನನ್ನು ಕಪಾಟಿನ ಮೂಲೆಯಲ್ಲಿ ಮರೆತರು. ಸೆಲ್ಲಿನ ಚಿತ್ರ ಬರಿದಾಗಿ ಮಿನುಗುತ್ತಿದೆ. ಆರಿದರೆ ನನಗೆ ನನ್ನ ಕಥೆ ಹೇಳಲು ಇನ್ನು ಯಾರೂ ಇಲ್ಲ.

ಅದಕ್ಕೇ ಇವತ್ತು ನಾನು ಓದಿದೆ. ಕೇಳಿದವರು ನೀವು.