ಶಿಲುಬೆಯಿಲ್ಲದ ಮನೆ

ಕಸಿಮಿರೋನ ಮನೆ ಹಳ್ಳದ ಬಾಯಿಗೆ ಸರಿಯಾಗಿ ಅಡ್ಡ ಕೂತಿತ್ತು. ಹಳ್ಳವೆಂದರೆ ನೀರಿರುವ ಹಳ್ಳವಲ್ಲ. ಪಿಯುರಾದ ಈ ಮರಳುಸೀಮೆಯಲ್ಲಿ ಹಳ್ಳವೆಂದರೆ ಆಡುಗಳು ಮಲಗುವ, ಹುಡುಗರು ಚೆಂಡಾಡುವ ಒಣ ತಗ್ಗು. ಎಲ್ ನಿನೋ ಬಂದ ವರ್ಷ ಮಾತ್ರ ಸಮುದ್ರ ಬಿಸಿಯಾಗಿ, ಆಕಾಶ ಹರಿದು ಬಿದ್ದು, ಅದೇ ತಗ್ಗು ಬೀದಿಗೆ ಬೀದಿಯನ್ನೇ ನುಂಗುವ ಹೊಳೆಯಾಗುತ್ತದೆ. ಬಾಲಯೇಸುವಿನ ಹೆಸರನ್ನು ಇಂಥ ಪುಂಡನಿಗೆ ಇಟ್ಟವರು ಯಾರೋ, ಕೈಗೆ ಸಿಕ್ಕರೆ ನಾಲ್ಕು ಮಾತು ಕೇಳಬೇಕು ಎಂದಿದ್ದೇನೆ.

ನಮ್ಮ ಬೀದಿಯ ಮುಂಜಾಗ್ರತಾ ಸಮಿತಿಗೆ ನಾನೇ ಅಧ್ಯಕ್ಷೆ. ನನ್ನ ಕೆಲಸ ಚಿಚಾ ಮಾಡುವುದು. ಜೋಳ ಮೊಳಕೆ ಬರಿಸಿ, ಕುದಿಸಿ, ಹುಳಿ ಬಂದ ದಿನ ಬಾಗಿಲಲ್ಲಿ ಬಿಳಿ ಬಾವುಟ ಏರಿಸಿದರೆ ಸಾಕು, ಊರು ಕುಡಿಯಲು ಬಂದು ಕೂರುತ್ತದೆ. ನನ್ನ ಬಾಯಿ ದೊಡ್ಡದೆಂದು ಸಮಿತಿಯ ಸೀಟಿಯನ್ನೂ ಕಿತ್ತಳೆ ಬಣ್ಣದ ಅಂಗಿಯನ್ನೂ ನನ್ನ ತಲೆಗೇ ಕಟ್ಟಿದರು.

ಕಸಿಮಿರೋ ಕುಂಬಾರ. ನನ್ನ ಚಿಚಾದ ಹರವಿಗಳೆಲ್ಲ ಅವನ ಕೈಯವು. ಅವನು ಇಟ್ಟಿಗೆ ಮನೆ ಕಟ್ಟಿದಾಗ ಚಾವಣಿಯ ಮೇಲೆ ಶಿಲುಬೆ ನೆಟ್ಟವಳು ನಾನು. ಶಿಲುಬೆ ನೆಟ್ಟವರು ಆ ಮನೆಗೆ ತಾಯಿ ಇದ್ದಹಾಗೆ. ಅವರು ಇಳಿಸುವ ತನಕ ಬೇರೆ ಯಾರೂ ಆ ಗೋಡೆಯಿಂದ ಒಂದು ಇಟ್ಟಿಗೆ ತೆಗೆಯುವಂತಿಲ್ಲ. ಮನೆಯವರಿಗೂ ಶಿಲುಬೆಯವರಿಗೂ ಅಲ್ಲಿಂದ ಹೊಸ ನಂಟು. ಅವನು ನನಗೆ ಕೊಂಪಾದ್ರೆ, ನಾನು ಅವನಿಗೆ ಕೊಮಾದ್ರೆ. ಒಟ್ಟಿಗೆ ಆಡು ಕಾಯ್ದು, ಒಬ್ಬರ ಜುಟ್ಟು ಒಬ್ಬರು ಹಿಡಿದು ಜಗಳಾಡಿದವರು ಆ ದಿನದಿಂದ ನೀವು, ತಾವು.

ಒಂದು ವರ್ಷ ರೇಡಿಯೋ ಹಗಲೂ ಇರುಳೂ ಒಂದೇ ಹಾಡು ಹಾಡಿತು. ಎಲ್ ನಿನೋ ಬರುತ್ತಿದೆ, ಭಾರೀ ಎಲ್ ನಿನೋ. ಎಂಜಿನಿಯರುಗಳು ಬಂದು ನೀರಿನ ದಾರಿಯಲ್ಲಿದ್ದ ಗೋಡೆಗಳಿಗೆ ಕೆಂಪು ಬಣ್ಣ ಬಳಿದು ಹೋದರು. ನಾವು ಕಾಲುವೆಯ ಹೂಳು ಎತ್ತಿದೆವು, ಮರಳಿನ ಮೂಟೆ ಕಟ್ಟಿದೆವು, ಮೇಲಿನ ದಿಬ್ಬದ ಮೇಲೆ ಚಪ್ಪರ ಹಾಕಿದೆವು. ಉಳಿದದ್ದು ಕಸಿಮಿರೋನ ಮನೆ. ಅದು ನಿಂತರೆ ನೀರು ನೇರ ನದಿಗೆ ಇಳಿಯದೆ ಎಡಕ್ಕೆ ತಿರುಗಿ ನಮ್ಮ ಕೆಳಬೀದಿಗೆ ನುಗ್ಗುತ್ತದೆ. ಅಲ್ಲಿ ಶಾಲೆಯಿದೆ, ನನ್ನ ಮನೆಯಿದೆ, ನಡೆಯಲಾರದ ಮುದುಕರಿದ್ದಾರೆ.

ಮನೆ ಕೆಡವಲು ಅವನು ಒಪ್ಪಲಿಲ್ಲ. ನಾನು ಏಣಿ ಹಾಕಿ ಹತ್ತಿದೆ, ಶಿಲುಬೆ ಕಿತ್ತು ಶಾಲಿನಲ್ಲಿ ಸುತ್ತಿ ಇಳಿದೆ. ಅಂಗಳದಲ್ಲಿ ನಿಂತಿದ್ದ ಅವನು ತಾನೇ ಸುತ್ತಿಗೆ ಎತ್ತಿಕೊಂಡ. ಅವನ ಹೆಂಡತಿ ತೊಮಾಸಾ ಅಳುತ್ತಾ ಇಟ್ಟಿಗೆ ಜೋಡಿಸಿದಳು.

ಆ ವರ್ಷ ನಾಯಿಯ ಬಾಲ ನೆನೆಯುವಷ್ಟೂ ಮಳೆ ಬರಲಿಲ್ಲ.

ಮೊದಲು ಕಾದೆವು, ಆಮೇಲೆ ಗೊಣಗಿದೆವು, ಆಮೇಲೆ ಊರು ನಗಲು ಶುರುಮಾಡಿತು. ಸುಡುಬಿಸಿಲಲ್ಲಿ ಬಂದು, "ರೊಸೆಂದಕ್ಕಾ, ಛತ್ರಿ ಒಳಗಿಡ್ಲಾ, ಹೊರಗಿಡ್ಲಾ?" ಎಂದು ಕೇಳಿಯೇ ಚಿಚಾ ಕುಡಿಯುತ್ತಿದ್ದರು. ಆ ನಗುವನ್ನು ನಾನು ತಡೆದುಕೊಂಡೆ. ತಡೆಯಲಾಗದೇ ಹೋದದ್ದು ಕಸಿಮಿರೋ ನಗದಿದ್ದದ್ದು. ಅವನು ನನ್ನ ಬಾವುಟದ ಕಡೆ ತಲೆಹಾಕುವುದನ್ನೇ ಬಿಟ್ಟ. ಹರವಿ ಸೀಳಿದರೆ ನಾನು ಬೇರೆ ಊರಿನಿಂದ ತರಿಸಿದೆ.

ಚಳಿ ಕಳೆದ ಮೇಲೆ ಅವನು ಅದೇ ಜಾಗದಲ್ಲಿ ಮತ್ತೆ ಮನೆ ಎಬ್ಬಿಸಿದ. ಈ ಸಲ ಬೊಂಬಿನ ತಡಿಕೆ, ಮೇಲೆ ಮಣ್ಣಿನ ಮೆತ್ತು. ಇಟ್ಟಿಗೆಯೆಲ್ಲ ಮಾರಿಕೊಂಡನಂತೆ, ಪಾಪ, ರೊಸೆಂದಾ ಅವನನ್ನು ಬೀದಿಗೆ ತಂದಳು ಎಂದರು ಜನ. ಚಾವಣಿ ಏರಿದ ದಿನ ನಾನು ತಲೆಬಾಚಿ, ಒಳ್ಳೆಯ ಲಂಗ ಉಟ್ಟು ಕೂತಿದ್ದೆ. ಕರೆ ಬರಲಿಲ್ಲ. ಬೇರೆಯವರನ್ನೂ ಕರೆಯಲಿಲ್ಲ. ಮನೆ ಬೋಳು ತಲೆಯಲ್ಲೇ ನಿಂತಿತು. ಶಿಲುಬೆಯಿಲ್ಲದ ಮನೆಯಲ್ಲಿ ಮಲಗಿದರೂ ಸರಿ, ನಿನ್ನ ಮುಖ ಬೇಡ ಎಂದು ಅವನು ಹೇಳಿದ ಹಾಗಾಯಿತು. ಹಳೆಯ ಶಿಲುಬೆ ಮಾತ್ರ ಅದೇ ಶಾಲಿನಲ್ಲಿ ನನ್ನ ಮಂಚದ ಕೆಳಗಿತ್ತು.

ಮರುವರ್ಷ ರೇಡಿಯೋ ಮಳೆಯ ಸುದ್ದಿಯನ್ನೇ ಎತ್ತಲಿಲ್ಲ. ಹಬ್ಬ ಮುಗಿದು ಹೊಸ ವರ್ಷ ಬಂದದ್ದೇ ತಡ, ಸಂಜೆಸಂಜೆ ಗುಡುಗು ಶುರುವಾಯಿತು. ಒಂದು ಮಳೆಗೆ ನನ್ನ ಹಿತ್ತಲು ಕೆರೆಯಾಯಿತು. ಎರಡನೆಯದಕ್ಕೆ ಗೋಡೆಗಳು ಬೆವರಿದವು, ಮಿಡತೆ ಬಂದು ದೀಪದ ಸುತ್ತ ಮುಗಿಬಿದ್ದವು. ಬೆಳಿಗ್ಗೆ ಮೇಲಿನ ಊರಿನಿಂದ ಫೋನು ಬಂತು. ಅವರ ಹಳ್ಳಕ್ಕೆ ನೀರು ಬಂದಿದೆ, ಮಧ್ಯಾಹ್ನದೊಳಗೆ ನಿಮ್ಮಲ್ಲಿ.

ಸಮಿತಿಯವರು ಮುದುಕರನ್ನು ದಿಬ್ಬಕ್ಕೆ ಸಾಗಿಸಲು ಹೊರಟರು. ಕಸಿಮಿರೋನ ಮನೆಯ ಮಾತು ಬಂದ ಕೂಡಲೇ ಎಲ್ಲರೂ ಚಪ್ಪಲಿ ನೋಡಿಕೊಂಡರು.

"ನೀವೇ ಹೋಗಿ ರೊಸೆಂದಕ್ಕಾ. ನಿಮ್ಮ ಕೊಂಪಾದ್ರೆ ಅಲ್ವಾ?"

"ಹೋದ ಸಲ ಅವನ ಮನೆ ಕೆಡವಿದೋಳು ನಾನು, ಈ ಸಲ ಅವನೇ ನನ್ನ ಕೆಡವ್ತಾನೆ," ಎಂದೆ. ಯಾರೂ ನಗಲಿಲ್ಲ.

ಕಿತ್ತಳೆ ಅಂಗಿ ತೆಗೆದಿಟ್ಟೆ. ಸೀಟಿಯನ್ನೂ ಬಿಟ್ಟೆ. ಕೊಂಪಾದ್ರೆಯ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಒಂದು ಹೂಜಿ ಚಿಚಾ ತೆಗೆದುಕೊಂಡು ಕೆಸರಿನಲ್ಲಿ ಕಾಲೆಳೆದುಕೊಂಡು ಹೊರಟೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿದೆ. ಬಾಗಿಲು ಕಂಡಾಗ ಎಲ್ಲ ಮರೆತುಹೋಯಿತು. ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು, ನೀರಿನದ್ದಕ್ಕಿಂತ ಅವನದ್ದು.

ಕಸಿಮಿರೋ ಹೊಸ್ತಿಲಲ್ಲಿ ಕೂತು ಹಗ್ಗ ಸುತ್ತುತ್ತಿದ್ದ.

"ಏನು ಕೊಮಾದ್ರೆ, ಈ ಸಲ ಸೀಟಿ ತಂದಿಲ್ವಾ?"

"ಇಲ್ಲ. ಚಿಚಾ ತಂದಿದೀನಿ."

"ಹಾಗಾದ್ರೆ ವಿಷಯ ದೊಡ್ದೇ ಇರ್ಬೇಕು."

ಸೋರೆಬುರುಡೆಯಲ್ಲಿ ಸುರಿದು ಕೊಟ್ಟೆ. ಅವನು ಮೊದಲ ಹನಿ ನೆಲಕ್ಕೆ ಚೆಲ್ಲಿ ಕುಡಿದ, ಬಾಯಿ ಒರೆಸಿಕೊಂಡ. "ಹುಳಿ ಜಾಸ್ತಿ ಆಗಿದೆ. ಬೇರೆ ಊರಿನ ಹರವಿ, ಇನ್ನೇನಾಗ್ತದೆ."

"ಕೊಂಪಾದ್ರೆ, ನೀರು ಬರ್ತಾ ಇದೆ. ನಿಜವಾಗ್ಲೂ ಬರ್ತಾ ಇದೆ. ಹೋದ ಸಲ ನನ್ನ ಮಾತು ಕೇಳಿ ನಿಮ್ಮ ಮನೆ ಹೋಯ್ತು. ಮತ್ತೆ ಕೇಳೋಕೆ ನನಗೆ ಮುಖ ಇಲ್ಲ. ಆದ್ರೂ ಕೇಳ್ತಾ ಇದೀನಿ. ಕೆಳಗೆ ಮಕ್ಕಳಿದಾರೆ."

"ಮುಖ ಇಲ್ದೇ ಇಷ್ಟು ಮಾತಾಡ್ತೀರಿ. ಇದ್ದಿದ್ರೆ ಇನ್ನೆಷ್ಟೋ!" ಎಂದು ಎದ್ದ. "ಒಳಗೆ ಬನ್ನಿ."

ಒಳಗೆ ಏನೂ ಇರಲಿಲ್ಲ. ಮಂಚವಿಲ್ಲ, ಒಲೆಯಿಲ್ಲ, ಒಂದೇ ಒಂದು ಮಡಕೆಯಿಲ್ಲ. ತೊಮಾಸಾ ನಸುಕಿನಲ್ಲೇ ಎಲ್ಲವನ್ನೂ ಕತ್ತೆಯ ಮೇಲೆ ಹೇರಿಕೊಂಡು ದಿಬ್ಬಕ್ಕೆ ಹೋಗಿದ್ದಳು. ಕಸಿಮಿರೋ ಮೂಲೆಯ ಕಂಬದ ಹತ್ತಿರ ಹೋಗಿ ಒಂದು ಗಂಟು ಎಳೆದ. ಹಳ್ಳದ ಕಡೆಯ ಗೋಡೆ, ಇಡೀ ಗೋಡೆ, ಮೆತ್ತಿದ ಮಣ್ಣು ಉದುರಿಸಿಕೊಂಡು ಅವನ ಭುಜಕ್ಕೆ ಒರಗಿತು.

"ಬಾಯಿ ಮುಚ್ಕೊಂಡು ಆ ತುದಿ ಹಿಡ್ಕೊಳ್ಳಿ ಕೊಮಾದ್ರೆ. ಭಾರ ಇದೆ."

ಹಿಡಿದೆ. ಹಳ್ಳದ ಕಡೆಯದು, ಆಮೇಲೆ ಎದುರಿನ, ನದಿಯ ಕಡೆಯದು. ಎರಡನ್ನೂ ಹೊತ್ತು ಏರಿಯ ಮೇಲೆ ಮಲಗಿಸಿದೆವು. ಹಿಂದೆ ತಿರುಗಿ ನೋಡಿದರೆ ಮರದ ಬೇರಿನ ಹಾಗೆ ಆಳಕ್ಕೆ ಹೂತಿಟ್ಟ ಕಂಬಗಳು, ಮೇಲೊಂದು ಚಾವಣಿ, ಮಧ್ಯೆ ಹಳ್ಳ ಆರಾಮಾಗಿ ಹಾದುಹೋಗುವಷ್ಟು ದಾರಿ.

ನನಗೆ ಏದುಸಿರು. "ಇಟ್ಟಿಗೆ ಮಾರ್ಕೊಂಡು ಗತಿಯಿಲ್ದೆ ತಡಿಕೆ ಕಟ್ಟಿದೀರಿ ಅಂದ್ರಲ್ಲ ಎಲ್ರೂ!"

"ಇಟ್ಟಿಗೆ ದಿಬ್ಬದ ಆಚೆ ಬದೀಲಿದೆ, ಗೂಡು ಕಟ್ಟಿದೀನಿ, ಮಡಕೆ ಸುಡೋಕೆ. ನನ್ನ ಜೇಡಿಮಣ್ಣು ತರೋದು ಈ ಹಳ್ಳನೇ. ಇದನ್ನ ಬಿಟ್ಟು ಎಲ್ಲಿ ಹೋಗ್ಲಿ? ಹೋದ ವರ್ಷ ಬರ್ಲಿಲ್ಲ ಅಂದ್ರೆ ಇನ್ಯಾವತ್ತೂ ಬರಲ್ಲ ಅಂತಲ್ವಲ್ಲ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಕೇಳೋಕೆ ನೀವು ಯಾವತ್ತು ಬಂದ್ರಿ?"

ಆ ಮಾತು ಎದೆಗೆ ನಾಟಿತು. ಅವನು ಬರಲಿಲ್ಲವೆಂದು ನಾನು ವರ್ಷವಿಡೀ ಲೆಕ್ಕ ಇಟ್ಟಿದ್ದೆ. ನಾನು ಹೋಗದಿದ್ದುದರ ಲೆಕ್ಕ ಅವನೂ ಇಟ್ಟಿದ್ದ.

"ಶಿಲುಬೆಗೂ ಕರೀಲಿಲ್ಲ," ಎಂದೆ.

ಅವನು ಹಗ್ಗದ ಸುರುಳಿಯನ್ನೇ ನೋಡುತ್ತಿದ್ದ. "ಆವತ್ತು ನೀವು ಏಣಿ ಇಳಿಯುವಾಗ ನಿಮ್ಮ ಕಾಲು ಗಡಗಡ ಅಂತಿತ್ತು. ಮುಖ ನೋಡೋಕಾಗ್ಲಿಲ್ಲ ನನಗೆ. ನೆಟ್ಟೋರ ಕೈಲೇ ಕೀಳಿಸೋದು ಇನ್ನೊಂದ್ಸಲ ಬೇಡ ಅಂತ ಬಿಟ್ಟೆ. ಅದೂ ಅಲ್ದೆ, ಬಿದ್ದು ಸೊಂಟ ಮುರ್ಕೊಂಡ್ರೆ ಚಿಚಾ ಯಾರು ಮಾಡ್ತಾರೆ?"

ನಾನು ಅಲ್ಲೇ ಕೆಸರಲ್ಲಿ ನಿಂತು ಅತ್ತೆ. ಅವನು ಹೂಜಿಯನ್ನು ಖಾಲಿ ಮಾಡಿದ.

ನೀರು ಮಧ್ಯಾಹ್ನಕ್ಕೇ ಬಂತು. ದಿಬ್ಬದ ಮೇಲಿಂದ ಎಲ್ಲರೂ ನೋಡಿದೆವು. ಮುಳ್ಳುಕಂಟಿ, ಸತ್ತ ಆಡು, ಯಾರದೋ ಬಾಗಿಲು, ಎಲ್ಲವನ್ನೂ ಹೊತ್ತು ಕಂದುಬಣ್ಣದ ನೀರು ಕಸಿಮಿರೋನ ಕಂಬಗಳ ನಡುವೆ ನುಗ್ಗಿ ನದಿಯ ಕಡೆ ಇಳಿಯಿತು. ಎಡಕ್ಕೆ ತಿರುಗಲಿಲ್ಲ. ಒಂದು ಕಂಬ ವಾಲಿತು, ಮೂಲೆಯ ಚಾವಣಿ ಹೋಯಿತು. ಕೆಳಬೀದಿಯಲ್ಲಿ ಮೊಣಕಾಲಿನವರೆಗೆ ಮಳೆನೀರು ನಿಂತಿತು, ನನ್ನ ಎರಡು ಹರವಿ ತೇಲಿಹೋದವು. ಶಾಲೆ ನಿಂತಿತ್ತು. ಒಬ್ಬರ ಪ್ರಾಣವೂ ಹೋಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಮರಳುಗಾಡು ಹಸಿರಾಗಿ, ಆಡುಗಳು ಮೈತುಂಬಿಕೊಂಡವು. ಹಳ್ಳದ ತುಂಬ ಬೆಣ್ಣೆಯಂಥ ಜೇಡಿಮಣ್ಣು. ಕಸಿಮಿರೋ ವಾಲಿದ ಕಂಬ ನೆಟ್ಟಗೆ ಮಾಡಿ ಗೋಡೆ ಕಟ್ಟಿದ ದಿನ ಕರೆ ಕಳಿಸಲಿಲ್ಲ. ನಾನೂ ಕಾಯಲಿಲ್ಲ. ಮಂಚದ ಕೆಳಗಿನ ಗಂಟು ಎತ್ತಿಕೊಂಡು ಹೋಗಿ ಏಣಿ ಕೇಳಿದೆ.

ಅವನು ಶಿಲುಬೆಯನ್ನು ನೋಡಿದ, ನನ್ನ ಕೈಯಲ್ಲಿದ್ದ ಮೊಳೆ ನೋಡಿದ. ಒಳಗೆ ಹೋಗಿ ಮೊಳೆಯ ಬದಲಿಗೆ ಒಂದು ತುಂಡು ಹಗ್ಗ ತಂದುಕೊಟ್ಟ. ಏಣಿಯ ಬುಡವನ್ನು ತೊಮಾಸಾ ಒಂದು ಕಡೆ, ಅವನೊಂದು ಕಡೆ ಹಿಡಿದುಕೊಂಡರು. ನಾನು ಮೇಲೆ ಹತ್ತಿ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ, ಗಟ್ಟಿಯಾಗಿ ಕಟ್ಟಿದೆ.