ಹನ್ನೊಂದು ನಿಮಿಷ

"ಇಬ್ಬರಲ್ಲಿ ದೊಡ್ಡವನು ಯಾರು?" ದ್ವಾರಕಾನಾಥ ಮೈಕ್ ಇಸಿದುಕೊಂಡು ಕೇಳಿಯೇಬಿಟ್ಟ.

ಮ್ಯಾನ್‌ಹಟನ್‌ನ ಪುಟ್ಟ ಚಿತ್ರಮಂದಿರದಲ್ಲಿ ಮಧ್ಯಾಹ್ನದ ಆಟ ಆಗಷ್ಟೇ ಮುಗಿದಿತ್ತು. ಸ್ಪೇನಿನ ಹುಡುಗಿಯೊಬ್ಬಳ ಮೊದಲ ಚಿತ್ರ. ಮಾತು ಬಿಟ್ಟ ಅಣ್ಣತಮ್ಮಂದಿರು. ಕೊನೆಗೆ ಒಬ್ಬ ಇನ್ನೊಬ್ಬನ ಬಾಗಿಲು ತಟ್ಟುತ್ತಾನೆ. ಎರಡು ಗಂಟೆ ಕಣ್ಣು ಕೀಲಿಸಿ ಕೂತರೂ ತೆರೆಯ ಕೆಳಗೆ ಓಡುವ ಇಂಗ್ಲಿಷಿನಲ್ಲಿ ಬರೀ 'ಬ್ರದರ್', 'ಬ್ರದರ್'.

ನಿರ್ದೇಶಕಿ ನಕ್ಕಳು. "ನಾನದನ್ನು ಯೋಚಿಸಲೇ ಇಲ್ಲ. ಬೇಕಾಗಲಿಲ್ಲ." ಸಭೆಯೂ ನಕ್ಕಿತು.

ಅವನಿಗೆ ಮೈಯೆಲ್ಲ ಉರಿಯಿತು. ಬೇಕಾಗಲಿಲ್ಲವಂತೆ! ಬಾಗಿಲು ತಟ್ಟಬೇಕಾದವನು ಯಾರೆಂದೇ ಗೊತ್ತಿಲ್ಲದೆ ಸಿನಿಮಾ ಮಾಡುತ್ತಾರೆ, ಅದಕ್ಕೆ ಚಪ್ಪಾಳೆ ಬೇರೆ.

ಹೊರಬಂದ ಮೇಲೆ ಹೆಂಡತಿ ಪ್ರಭಾ ಮೆಲ್ಲಗೆ ಮಾತು ತೆಗೆದಳು: "ಗುರುರಾಜ್ ಅವ್ರಿಗೆ ನಾಳೆ ಬೆಳಿಗ್ಗೆ ಬೈಪಾಸ್. ಒಂದ್ ಫೋನ್ ಮಾಡಿ."

"ಅವನು ಹೇಳಿದ್ನಾ ನಂಗೆ?"

"ಸನ್ನಿಧಿ ಹೇಳಿದ್ಳಲ್ಲ."

"ಮಗಳ ಕೈಲಿ ಹೇಳಿಸ್ತಾನೆ. ಅಣ್ಣಂಗೆ ಹೇಳೋ ರೀತಿನಾ ಇದು?"

"ಅವ್ರೂ ತಾನೇ ಅಣ್ಣ ಅನ್ಕೊಂಡು ಕೂತಿರ್ತಾರೆ."

ಇಬ್ಬರೂ ತದ್ರೂಪಿ ಅವಳಿ. ದ್ವಾರಕಾನಾಥ ಹನ್ನೊಂದು ನಿಮಿಷ ಮೊದಲು ಹುಟ್ಟಿದವನು. ಆದರೆ ಹೊಟ್ಟೆಯಲ್ಲಿ ಮೊದಲು ನಿಂತದ್ದೇ ಕೊನೆಗೆ ಹೊರಬರುವುದು, ಆದ್ದರಿಂದ ಹಿಂದೆ ಬಂದವನೇ ಹಿರಿಯ ಎಂದು ಅಜ್ಜಿ ತೀರ್ಪು ಕೊಟ್ಟಿದ್ದಳು. ಮಕ್ಕಳಾಗಿದ್ದಾಗ ಅದು ತಮಾಷೆ. ಆರು ವರ್ಷದ ಹಿಂದೆ ಎಡಿಸನ್‌ನಲ್ಲಿ ಸನ್ನಿಧಿಯ ಮದುವೆಯಾದಾಗ ಗುರುರಾಜ ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದ: 'ತಮ್ಮ ದ್ವಾರಕಾನಾಥ'. ಇವನು ಮದುವೆಗೆ ಹೋಗಲಿಲ್ಲ. ಯಾಕೆ ಬರಲಿಲ್ಲವೆಂದು ಅವನು ಕೇಳಲಿಲ್ಲ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವ ದ್ವಾರಕಾನಾಥನಿಗೆ ಅಜ್ಜಿಯ ತರ್ಕವೊಂದನ್ನು ಸೋಲಿಸಲಾಗಿರಲಿಲ್ಲ.

ಸೀಕಾಕಸ್‌ನ ಮನೆಗೆ ರೈಲು ಹತ್ತಿದರು. ಅದೇ ರೈಲು ಮುಂದೆ ಗುರುರಾಜನಿರುವ ಎಡಿಸನ್‌ಗೆ ಹೋಗುತ್ತದೆ.

"ಇಳೀದೇ ಕೂತ್ರೆ ಸಾಕು," ಎಂದಳು ಪ್ರಭಾ.

"ನಾನ್ಯಾಕೆ ಹೋಗ್ಬೇಕು?"

ರೈಲು ನದಿಯ ಕೆಳಗಿನ ಸುರಂಗಕ್ಕೆ ನುಗ್ಗಿತು. ಕಿಟಕಿ ಕಪ್ಪಾಯಿತು. ಗಾಜಿನಲ್ಲಿ ಗುರುರಾಜ ಕೂತಿದ್ದ. ಅದೇ ಬೋಳು ಹಣೆ, ಅದೇ ಬಿಗಿದ ತುಟಿ, ಕೊಂಚ ಸೊರಗಿದ್ದ. ದ್ವಾರಕಾನಾಥ ಅವನತ್ತ ಬಾಗಿದ. ಆದರೂ ದುರುಗುಟ್ಟಿ ನೋಡುತ್ತ, ಅವನೇ ಮೊದಲು ನಗಲಿ ಎಂದು ಕಾದ. ಅವನೂ ಕಾದ.

"ನೀನೇ ಮೊದ್ಲು ಮಾತಾಡೋ," ಎಂದ ಕೊನೆಗೆ. ಗಾಜಿನೊಳಗಿನ ತುಟಿಗಳೂ ಅದೇ ಕ್ಷಣ ಅದನ್ನೇ ಆಡಿದವು.

ರೈಲು ಬೆಳಕಿಗೆ ಬಂತು. ಗಾಜಿನಲ್ಲಿ ಯಾರೂ ಇರಲಿಲ್ಲ. ಆಚೆ ಜೌಗಿನ ಜೊಂಡು, ಸಾಲು ಗೋದಾಮುಗಳು.